ರಿಲೇ ಕಾರ್ಡ್ ಪದೇ ಪದೇ ಸುಡುತ್ತಿದ್ದರೆ: ಕಾರ್ ವಾಷ್ ಪ್ಯಾನೆಲ್ಲಿಗೆ ಯಾವ ಬದಲಿ ಸರಿ?

ಚಿಕ್ಕಮಗಳೂರಿನಿಂದ ಕಡೂರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿರುವ ಒಂದು ಕಾರ್ ವಾಷ್ ಕೇಂದ್ರದಲ್ಲಿ, ಕಂಟ್ರೋಲ್ ಪ್ಯಾನೆಲ್ಲಿನ ಬಾಗಿಲಿನ ಒಳಬದಿಗೆ ಸುಟ್ಟ ಮೂರು ರಿಲೇ ಕಾರ್ಡುಗಳನ್ನು ಕೇಬಲ್ ಟೈನಿಂದ ಕಟ್ಟಿ ತೂಗುಹಾಕಿದ್ದರು. ಸಣ್ಣ ಸಂಕೇತ ಸಿಕ್ಕಾಗ ದೊಡ್ಡ ವಿದ್ಯುತ್ತನ್ನು ಹಾಯಿಸುವ ಸ್ವಿಚ್ಚೇ ರಿಲೇ; ಅಂಥ ಹಲವು ರಿಲೇಗಳನ್ನು ಒಂದೇ ಬೋರ್ಡಿನಲ್ಲಿ ಕೂರಿಸಿದ್ದು ರಿಲೇ ಕಾರ್ಡ್, ಅದರ ಒಂದೊಂದು ರಿಲೇಯ ದಾರಿ ಒಂದೊಂದು ಚಾನೆಲ್. ತೂಗುಹಾಕಿದ್ದ ಮೂರರಲ್ಲಿ ಮೊದಲನೆಯದು ಯಂತ್ರದ ಜೊತೆಗೇ ಬಂದದ್ದು, ಎರಡನೆಯದು ಬೆಂಗಳೂರಿನಿಂದ ತರಿಸಿದ್ದು, ಮೂರನೆಯದು ಅಂತರ್ಜಾಲದಲ್ಲಿ ಕೊಂಡದ್ದು. ತಯಾರಕರು ಬೇರೆ, ದರ ಬೇರೆ, ಬೋರ್ಡಿನ ಬಣ್ಣವೂ ಬೇರೆ. ಆದರೆ ಮೂರರಲ್ಲಿಯೂ ಕಪ್ಪಾಗಿದ್ದದ್ದು ಐದನೆಯ ಚಾನೆಲ್ ಒಂದೇ. ನಾಲ್ಕನೆಯ ಸಲ ಯಾವ ಕಂಪನಿಯ ಕಾರ್ಡ್ ಹಾಕಿಸಿದರೆ ಒಳ್ಳೆಯದು ಎಂದು ಮಾಲೀಕರು ನನ್ನನ್ನು ಕೇಳಿದರು. ಐದನೆಯ ಚಾನೆಲ್ಲಿನಿಂದ ಹೊರಟ ತಂತಿ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಿದೆ. ಆ ತಂತಿ ಅರ್ಧ ಎಚ್‌ಪಿಯ ಫೋಮ್ ಪಂಪಿಗೆ, ನಡುವೆ ಕಾಂಟ್ಯಾಕ್ಟರ್ (ಮೋಟಾರಿನ ಭಾರ ಹೊರುವ ದೊಡ್ಡ ರಿಲೇ) ಇಲ್ಲದೆ, ನೇರವಾಗಿ ಹೋಗಿತ್ತು.

ಈ ಬರಹ ಕಾರ್ಡುಗಳ ಹೋಲಿಕೆಗಾಗಿಯೇ ಇದೆ. ಅದೇ ಕಾರ್ಡನ್ನು ಮತ್ತೆ ತರಿಸುವುದು, ಸುಟ್ಟದ್ದನ್ನು ರಿಪೇರಿ ಮಾಡಿಸುವುದು, ಅಗ್ಗದ ಕಾರ್ಡ್ ಹಾಕುವುದು, ಸಾಕೆಟ್ಟಿನಲ್ಲಿ ಕೂರುವ ಬಿಡಿ ರಿಲೇಗಳಿಗೆ ಬದಲಾಗುವುದು, ಚಲಿಸುವ ಭಾಗವಿಲ್ಲದ ಸಾಲಿಡ್ ಸ್ಟೇಟ್ ರಿಲೇಗೆ ಹೋಗುವುದು, ಇಲ್ಲವೇ ವಾಲ್ವ್ ಮತ್ತು ಕಾಂಟ್ಯಾಕ್ಟರುಗಳನ್ನೇ 24 ವೋಲ್ಟ್ ಡಿಸಿಗೆ ಬದಲಾಯಿಸುವುದು, ಹೀಗೆ ದಾರಿಗಳು ಹಲವಿವೆ. ಆದರೆ ಹಳೆಯ ಕಾರ್ಡ್ ಯಾವ ರೀತಿಯಲ್ಲಿ ಕೆಟ್ಟಿತು ಎಂಬುದು ತಿಳಿಯದೆ ಇವುಗಳಲ್ಲಿ ಯಾವುದನ್ನು ಆರಿಸಿದರೂ ಅದು ಅಂದಾಜಿನ ಖರ್ಚಾಗುತ್ತದೆ. ಆದ್ದರಿಂದ ಮೊದಲ ಭಾಗವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಸುಟ್ಟ ಕಾರ್ಡನ್ನು ಎಸೆಯುವ ಮೊದಲು

ರಿಲೇ ಕಾರ್ಡಿಗೆ ಎರಡು ಬದಿಗಳಿವೆ. ಒಂದು ಬದಿಯಲ್ಲಿ ಪಿಎಲ್‌ಸಿ (ಯಂತ್ರವನ್ನು ಪ್ರೋಗ್ರಾಮಿನಂತೆ ನಡೆಸುವ ಕಂಟ್ರೋಲರ್) ಅಥವಾ ಯಂತ್ರದ ಮುಖ್ಯ ಬೋರ್ಡ್ ಕೊಡುವ ಸಣ್ಣ ಸಂಕೇತ ಬಂದು ರಿಲೇಯ ಕಾಯಿಲ್ (ತಂತಿ ಸುತ್ತಿದ ವಿದ್ಯುತ್ಕಾಂತ) ಎಳೆದುಕೊಳ್ಳುತ್ತದೆ. ಇನ್ನೊಂದು ಬದಿಯಲ್ಲಿ ಅದರ ಕಾಂಟ್ಯಾಕ್ಟ್ (ಕೂಡಿಕೊಂಡು ಬೇರೆಯಾಗುವ ಲೋಹದ ತುದಿಗಳು) ಮುಚ್ಚಿ, ನೀರಿನ ವಾಲ್ವ್, ಶಾಂಪೂ ಡೋಸಿಂಗ್ ಪಂಪ್, ಬ್ರಷ್ ಮೋಟಾರಿನ ಕಾಂಟ್ಯಾಕ್ಟರ್, ಬ್ಲೋವರಿನ ಕಾಂಟ್ಯಾಕ್ಟರ್ ಮೊದಲಾದವಕ್ಕೆ ವಿದ್ಯುತ್ತು ಹೋಗುತ್ತದೆ. ಕೆಟ್ಟದ್ದು ಯಾವ ಬದಿ ಎಂಬುದನ್ನು ಕಿವಿ ಮತ್ತು ಕಣ್ಣಿನಿಂದಲೇ ಬಹುಪಾಲು ತಿಳಿಯಬಹುದು. ಚಾನೆಲ್ಲಿನ ಎಲ್‌ಇಡಿ ಹತ್ತಿ, ರಿಲೇ ಟಕ್ ಎಂದು ಸದ್ದು ಮಾಡಿಯೂ ವಾಲ್ವಿಗೆ ವಿದ್ಯುತ್ತು ಹೋಗದಿದ್ದರೆ ಕಾಂಟ್ಯಾಕ್ಟ್ ಸವೆದಿದೆ, ಇಲ್ಲವೇ ಬೋರ್ಡಿನ ಟ್ರ್ಯಾಕ್ ಸುಟ್ಟು ತುಂಡಾಗಿದೆ. ಎಲ್‌ಇಡಿ ಆರಿದ ಮೇಲೂ ಪಂಪ್ ಓಡುತ್ತಲೇ ಇದ್ದರೆ ಕಾಂಟ್ಯಾಕ್ಟ್ ಬೆಸುಗೆಯಾದಂತೆ ಅಂಟಿಕೊಂಡಿದೆ. ಎಲ್‌ಇಡಿ ಹತ್ತಿದರೂ ಸದ್ದೇ ಇಲ್ಲದಿದ್ದರೆ ಕಾಯಿಲ್ ಅಥವಾ ಅದನ್ನು ನಡೆಸುವ ಡ್ರೈವರ್ ಐಸಿ ಹೋಗಿದೆ. ಎಲ್ಲ ಎಲ್‌ಇಡಿಗಳೂ ಮಂಕಾಗಿ, ಎಲ್ಲ ರಿಲೇಗಳೂ ಚಟಚಟ ಎನ್ನುತ್ತಿದ್ದರೆ ಕಾರ್ಡನ್ನು ಮುಟ್ಟಲೇಬೇಡಿ; ತೊಂದರೆ ಇರುವುದು 230 ವೋಲ್ಟನ್ನು ಇಳಿಸಿ ಅದಕ್ಕೆ ಡಿಸಿ ವಿದ್ಯುತ್ತು ಕೊಡುವ ಎಸ್‌ಎಂಪಿಎಸ್‌ನಲ್ಲಿ.

ಈ ಕೊನೆಯದನ್ನು ಅನೇಕರು ಕಡೆಗಣಿಸುತ್ತಾರೆ. ಕಾರ್ಡಿನ ರಿಲೇಗಳು ತಾವು ಎಳೆಯುವ ಕರೆಂಟ್ ಬಹಳ ಕಡಿಮೆ. 24 ವೋಲ್ಟಿನ ಸಣ್ಣ ರಿಲೇ ಕಾಯಿಲ್ಲಿಗೆ ಸುಮಾರು 15 ಮಿಲಿಆಂಪಿಯರ್ ಸಾಕು. ಆದರೆ ಅದೇ ಎಸ್‌ಎಂಪಿಎಸ್‌ನಿಂದ 12 ವಾಟಿನ ಎಂಟು ಡಿಸಿ ವಾಲ್ವುಗಳೂ ನಡೆಯುತ್ತಿದ್ದರೆ, ಅವು ಒಟ್ಟಿಗೆ ತೆರೆದಾಗ 4 ಆಂಪಿಯರ್ ಬೇಕಾಗುತ್ತದೆ. ಪ್ಯಾನೆಲ್ಲಿನಲ್ಲಿ ಕೂತಿರುವುದು 2.5 ಆಂಪಿಯರಿನ ಎಸ್‌ಎಂಪಿಎಸ್ ಆಗಿದ್ದರೆ ವೋಲ್ಟೇಜು ಕುಸಿದು, ರಿಲೇಗಳು ಅರ್ಧ ಹಿಡಿದು ಅರ್ಧ ಬಿಟ್ಟು, ಪ್ರತಿ ಸಲವೂ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರಿ, ವರ್ಷಗಟ್ಟಲೆ ಬಾಳಬೇಕಾದ ಕಾರ್ಡ್ ವಾರಗಳಲ್ಲಿ ಮುಗಿಯುತ್ತದೆ. 24 ವೋಲ್ಟನ್ನು ಯಂತ್ರ ನಿಂತಿರುವಾಗ ಅಳೆದರೆ ಸರಿಯಾಗಿಯೇ ಕಾಣುತ್ತದೆ. ಅಳೆಯಬೇಕಾದದ್ದು ತೊಳೆಯುವ ಕಾರ್ಯಕ್ರಮ ಪೂರ್ತಿ ನಡೆಯುತ್ತಿರುವಾಗ.

ಒಂದೇ ಚಾನೆಲ್ ಮತ್ತೆ ಮತ್ತೆ ಸಾಯುತ್ತಿದೆಯೇ, ಅಥವಾ ಪ್ರತಿ ಸಲ ಬೇರೆ ಬೇರೆ ಚಾನೆಲ್ಲುಗಳೇ ಎಂಬುದನ್ನು ತಿಳಿಯುವುದು ಎಲ್ಲಕ್ಕಿಂತ ಮುಖ್ಯ. ಪ್ಯಾನೆಲ್ ಬಾಗಿಲಿನ ಒಳಗೆ ಒಂದು ಕಾಗದ ಅಂಟಿಸಿ, ದಿನಾಂಕ ಮತ್ತು ಚಾನೆಲ್ ಸಂಖ್ಯೆಯನ್ನು ಬರೆಯುವ ಅಭ್ಯಾಸ ಮಾಡಿಕೊಂಡರೆ ಮೆಕ್ಯಾನಿಕ್ ಬದಲಾದರೂ ಇತಿಹಾಸ ಉಳಿಯುತ್ತದೆ. ಕಾರ್ಡಿನಲ್ಲಿ ಖಾಲಿ ಚಾನೆಲ್ ಇದ್ದರೆ, ಸಾಯುವ ಚಾನೆಲ್ಲಿನ ಲೋಡನ್ನು (ಅದು ನಡೆಸುವ ಪಂಪ್, ವಾಲ್ವ್ ಮೊದಲಾದದ್ದು) ಪ್ರೋಗ್ರಾಮಿನ ಔಟ್‌ಪುಟ್ ಸಹಿತ ಅಲ್ಲಿಗೆ ವರ್ಗಾಯಿಸಿ ನೋಡಬೇಕು. ತೊಂದರೆ ಲೋಡಿನ ಹಿಂದೆಯೇ ಹೋದರೆ ಕಾರ್ಡ್ ನಿರಪರಾಧಿ. ತೊಂದರೆ ಹಳೆಯ ಜಾಗದಲ್ಲಿಯೇ ಉಳಿದರೆ ಕಾರ್ಡನ್ನೂ ಅದರ ಸುತ್ತಲಿನ ತೇವವನ್ನೂ ಅನುಮಾನಿಸಬೇಕು. ಬೇರೆ ಬೇರೆ ಚಾನೆಲ್ಲುಗಳು ಲೆಕ್ಕವಿಲ್ಲದೆ ಸಾಯುತ್ತಿದ್ದರೆ ಸಿಡಿಲು, ನ್ಯೂಟ್ರಲ್ ಕಡಿತ ಅಥವಾ ತೇವ, ಈ ಮೂರರ ಕಡೆಗೆ ಗಮನ ಹರಿಸಬೇಕು.

ಈ ಪರೀಕ್ಷೆಗಳನ್ನು ಮಾಡುವಾಗ ನೆಲ ಒದ್ದೆ ಇರುತ್ತದೆ ಎಂಬುದನ್ನು ಮರೆಯಬಾರದು. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ವೇರಿಯಬಲ್ ಡ್ರೈವ್ (ಮೋಟಾರಿನ ವೇಗ ಬದಲಿಸುವ ಸಾಧನ) ಇದ್ದರೆ ಅದರ ಮೇಲೆಯೇ ಬರೆದಿರುವಷ್ಟು ನಿಮಿಷ ಕಾದು, ಟೆಸ್ಟರಿನಿಂದ ನೋಡಿದ ಮೇಲೆಯೇ ಕೈ ಹಾಕಬೇಕು. ವಾಲ್ವ್ ಕಾಯಿಲ್ಲಿಗೆ ಮೆಗ್ಗರ್ (ಹೆಚ್ಚಿನ ವೋಲ್ಟೇಜು ಕೊಟ್ಟು ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಿಡಿಯುವುದಾದರೆ ತಂತಿಯನ್ನು ಕಾರ್ಡಿನಿಂದ ಪೂರ್ತಿ ಬಿಚ್ಚಿಯೇ ಹಿಡಿಯಬೇಕು. ಬಿಚ್ಚದೆ ಹಿಡಿದು 500 ವೋಲ್ಟನ್ನು ಪಿಎಲ್‌ಸಿಯವರೆಗೂ ಕಳಿಸಿದವರನ್ನು ನಾನು ಕಂಡಿದ್ದೇನೆ.

ಹತ್ತು ಆಂಪಿಯರ್ ಎಂಬ ಬರಹದ ಅರ್ಥ

ಸಣ್ಣ ನೀಲಿ ರಿಲೇಯ ತಲೆಯ ಮೇಲೆ 10 ಆಂಪಿಯರ್, 250 ವೋಲ್ಟ್ ಎಸಿ ಎಂದು ಅಚ್ಚಾಗಿರುತ್ತದೆ. ಅದನ್ನು ಓದಿದವರಿಗೆ ಮೂರು ಆಂಪಿಯರಿನ ಪಂಪ್ ಏನು ಮಹಾ ಎನಿಸುವುದು ಸಹಜ. ಆದರೆ ಆ ಅಂಕಿ ಹೀಟರಿನಂಥ, ಅಂದರೆ ವಿದ್ಯುತ್ಕಾಂತದ ಕಾಯಿಲ್ಲಾಗಲಿ ಮೋಟಾರಾಗಲಿ ಇಲ್ಲದ ಲೋಡಿಗೆ ಮಾತ್ರ ಅನ್ವಯಿಸುತ್ತದೆ. ಅರ್ಧ ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ಓಡುವಾಗ ಸುಮಾರು ಮೂರು ಆಂಪಿಯರ್ ಎಳೆದರೂ, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಕಾಂಟ್ಯಾಕ್ಟ್ ಮುಚ್ಚುವಾಗ ಒಮ್ಮೆಗೇ ಮುಚ್ಚುವುದಿಲ್ಲ, ಕೆಲವು ಸಲ ಪುಟಿಯುತ್ತದೆ. ಆ ಪುಟಿತದ ನಡುವೆ 15 ಆಂಪಿಯರಿಗೂ ಹೆಚ್ಚು ಹರಿದರೆ ಬೆಳ್ಳಿಯ ಮಿಶ್ರಲೋಹ ಕರಗಿ ಅಂಟಿಕೊಳ್ಳುತ್ತದೆ. ಕಡೂರು ರಸ್ತೆಯ ಐದನೆಯ ಚಾನೆಲ್ಲಿನ ಕಥೆ ಇಷ್ಟೇ.

ಕಾಂಟ್ಯಾಕ್ಟರಿನ ಕಾಯಿಲ್ ಮತ್ತು ಸೊಲೆನಾಯ್ಡ್ ವಾಲ್ವಿನ (ಕಾಯಿಲ್ಲಿನಿಂದ ತೆರೆದು ಮುಚ್ಚುವ ವಾಲ್ವ್) ತೊಂದರೆ ಇದಕ್ಕೆ ತದ್ವಿರುದ್ಧವಾದದ್ದು. ಅಲ್ಲಿ ಕರೆಂಟ್ ದೊಡ್ಡದಲ್ಲ. 18 ಆಂಪಿಯರಿನ ಸಾಮಾನ್ಯ ಕಾಂಟ್ಯಾಕ್ಟರಿನ ಎಸಿ ಕಾಯಿಲ್ ಎಳೆದುಕೊಳ್ಳುವಾಗ ಸುಮಾರು 70 ವಿಎ (ವೋಲ್ಟ್ ಗುಣಿಸು ಆಂಪಿಯರ್), ಹಿಡಿದು ನಿಂತಾಗ ಏಳೆಂಟು ವಿಎ ಮಾತ್ರ ಬಳಸುತ್ತದೆ. 230 ವೋಲ್ಟಿನಲ್ಲಿ ಇದು ಕ್ರಮವಾಗಿ 0.3 ಆಂಪಿಯರ್ ಮತ್ತು 0.03 ಆಂಪಿಯರ್. ಯಾವ ರಿಲೇಗೂ ಇದು ಭಾರವಲ್ಲ. ಆದರೆ ಬಿಡುವಾಗ, ಕಾಯಿಲ್ಲಿನಲ್ಲಿ ಕೂಡಿಟ್ಟ ಶಕ್ತಿ ಹೊರಬೀಳಲು ದಾರಿ ಹುಡುಕುತ್ತದೆ. ನೂರಾರು ವೋಲ್ಟಿನ ಚಿಮ್ಮು ಕಾಂಟ್ಯಾಕ್ಟಿನ ನಡುವೆ ಕಿಡಿಯಾಗಿ ಹಾರುತ್ತದೆ. ಡಿಸಿ ವಾಲ್ವುಗಳಲ್ಲಿ ಈ ಕಿಡಿ ಇನ್ನೂ ಹಟಮಾರಿ, ಏಕೆಂದರೆ ಎಸಿಯಲ್ಲಿರುವಂತೆ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದಿಲ್ಲ. ಒಳ್ಳೆಯ ರಿಲೇಗಳ ಮಾಹಿತಿ ಪತ್ರದಲ್ಲಿ ಇಂಥ ಲೋಡುಗಳಿಗೆ ಎಸಿ-15, ಡಿಸಿ-13 ಎಂಬ ಬೇರೆ ದರ್ಜೆಯ ಅಂಕಿಗಳಿರುತ್ತವೆ. ಕೊಳ್ಳುವಾಗ ನೋಡಬೇಕಾದದ್ದು ಆ ಅಂಕಿಯನ್ನು. ಅದು ತಲೆಯ ಮೇಲಿನ 10 ಆಂಪಿಯರಿಗಿಂತ ಬಹಳ ಕಡಿಮೆ ಇರುತ್ತದೆ.

ಮೂರನೆಯ ಸಂಗತಿ ಸಂಖ್ಯೆಯದು. ಈ ವರ್ಗದ ರಿಲೇಗಳಿಗೆ ತಯಾರಕರು ಪೂರ್ಣ ಲೋಡಿನಲ್ಲಿ ಸಾಮಾನ್ಯವಾಗಿ ಹೇಳುವ ಆಯುಷ್ಯ 1 ಲಕ್ಷ ಬಾರಿಯ ಚಾಲನೆ. ದಿನಕ್ಕೆ 40 ಕಾರು ತೊಳೆಯುವ ಕಡೆ, ಒಂದು ಕಾರಿಗೆ ಒಂದು ವಾಲ್ವ್ 12 ಸಲ ತೆರೆದು ಮುಚ್ಚಿದರೆ ದಿನಕ್ಕೆ 480 ಚಾಲನೆಗಳಾಗುತ್ತವೆ. 1 ಲಕ್ಷ ಮುಗಿಯಲು ಸುಮಾರು 208 ಕೆಲಸದ ದಿನಗಳು ಸಾಕು. ಲೋಡ್ ಕಡಿಮೆ ಇದ್ದಷ್ಟೂ ಆಯುಷ್ಯ ಹೆಚ್ಚುತ್ತದೆ ಎಂಬುದು ನಿಜ. ಆದರೆ ಶಾಂಪೂ ಡೋಸಿಂಗ್ ವಾಲ್ವನ್ನು ಸೆಕೆಂಡಿಗೊಮ್ಮೆ ಮಿಡಿಸುವಂತೆ ಪ್ರೋಗ್ರಾಂ ಮಾಡಿ, ಅದು ಪ್ರತಿ ಕಾರಿಗೆ ಎರಡು ನಿಮಿಷ ನಡೆಯುತ್ತಿದ್ದರೆ, ದಿನಕ್ಕೆ 4,800 ಚಾಲನೆಗಳಾಗಿ 1 ಲಕ್ಷ ಮೂರು ವಾರದಲ್ಲಿಯೇ ಮುಗಿಯುತ್ತದೆ. ಆ ರಿಲೇ ಕೆಟ್ಟಿತು ಎನ್ನುವುದಕ್ಕಿಂತ ದುಡಿದು ನಿವೃತ್ತಿಯಾಯಿತು ಎನ್ನುವುದೇ ಸರಿ. ಅಲ್ಲಿ ಎಷ್ಟು ಒಳ್ಳೆಯ ಕಂಪನಿಯ ರಿಲೇ ಹಾಕಿದರೂ ದಿನಗಳು ಮಾತ್ರ ಸ್ವಲ್ಪ ಮುಂದಕ್ಕೆ ಹೋಗುತ್ತವೆ.

ಅದೇ ಕಾರ್ಡ್, ರಿಪೇರಿ, ಅಗ್ಗದ ಕಾರ್ಡ್

ಯಂತ್ರ ತಯಾರಕರ ಮೂಲ ಕಾರ್ಡಿಗೆ ಒಂದು ದೊಡ್ಡ ಅನುಕೂಲವಿದೆ: ಕನೆಕ್ಟರುಗಳು, ಅಳತೆ, ಚಾನೆಲ್ ಕ್ರಮ ಎಲ್ಲವೂ ಹೊಂದಿಕೊಳ್ಳುತ್ತವೆ, ಹಾಕಿದ ಅರ್ಧ ಗಂಟೆಯಲ್ಲಿ ಯಂತ್ರ ಓಡುತ್ತದೆ. ಅನನುಕೂಲವೆಂದರೆ ದರ ಮತ್ತು ಕಾಯುವಿಕೆ. ಹೊರದೇಶದಿಂದ ಬಂದ ಯಂತ್ರವಾದರೆ ಕಾರ್ಡ್ ಬರುವ ಹೊತ್ತಿಗೆ ಮುಳ್ಳಯ್ಯನಗಿರಿಗೆ ಬಂದ ಪ್ರವಾಸಿಗರ ಎರಡು ವಾರಾಂತ್ಯಗಳು ಕೈಬಿಟ್ಟು ಹೋಗಬಹುದು. ಕಾರಣ ಪತ್ತೆಯಾಗಿ, ಅದನ್ನು ಸರಿಪಡಿಸಿಯೂ ಆಗಿದ್ದರೆ ಮೂಲ ಕಾರ್ಡೇ ಸಾಕು. ಕಾರಣ ಪತ್ತೆಯಾಗದೆ ತರಿಸಿದರೆ ಅದು ದುಬಾರಿ ಫ್ಯೂಸ್.

ರಿಪೇರಿಯ ಬಗ್ಗೆ ನನಗೆ ಹೆಚ್ಚು ಗೌರವವಿದೆ. ಹಾಸನದಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಟಿವಿ, ಯುಪಿಎಸ್ ರಿಪೇರಿ ಮಾಡುವ ಅಂಗಡಿಗಳಲ್ಲಿ ರಿಲೇ ಕಿತ್ತು ಹೊಸದನ್ನು ಬೆಸೆಯಬಲ್ಲ ಕೈಗಳಿವೆ. ರಿಲೇಯೊಂದಕ್ಕೆ ಕೆಲವೇ ಹತ್ತು ರೂಪಾಯಿ ಬೆಲೆ. ಷರತ್ತುಗಳು ಎರಡು. ಕಾಯಿಲ್ ವೋಲ್ಟೇಜು, ಕಾಲುಗಳ ಜೋಡಣೆ ಮತ್ತು ಕಾಂಟ್ಯಾಕ್ಟಿನ ದರ್ಜೆ ಮೂರೂ ಹಳೆಯದಕ್ಕೆ ಸರಿಹೊಂದಬೇಕು. ಮೋಟಾರು ಅಥವಾ ದೊಡ್ಡ ಎಸ್‌ಎಂಪಿಎಸ್‌ನಂಥ, ಆರಂಭದಲ್ಲಿ ಜೋರಾಗಿ ಎಳೆಯುವ ಲೋಡಾದರೆ ಬೆಳ್ಳಿ-ಟಿನ್ ಆಕ್ಸೈಡ್ ಕಾಂಟ್ಯಾಕ್ಟಿನ ರಿಲೇ ಕೇಳಿ ಪಡೆಯಬೇಕು, ಅದು ಸುಲಭವಾಗಿ ಅಂಟಿಕೊಳ್ಳುವುದಿಲ್ಲ. ಇನ್ನೊಂದು, ಬೋರ್ಡಿನ ಹಲಗೆ ಸುಟ್ಟು ಕರಿಯಾಗಿದ್ದರೆ ರಿಪೇರಿ ಬೇಡ. ಕರಿಯೇ ವಿದ್ಯುತ್ತನ್ನು ಹರಿಸುವ ವಸ್ತು. ಎಷ್ಟು ಕೆರೆದರೂ ಮಳೆಗಾಲದಲ್ಲಿ ಅಲ್ಲಿಯೇ ಮತ್ತೆ ಸೋರಿಕೆ ಶುರುವಾಗುತ್ತದೆ. ಕಾಯಿಲ್ ಬದಿ ಕೆಟ್ಟಿದ್ದರೆ ಡ್ರೈವರ್ ಐಸಿಯನ್ನು ನೋಡಿಸಬೇಕು. ಅನೇಕ ಕಾರ್ಡುಗಳಲ್ಲಿರುವ ಯುಎಲ್‌ಎನ್2803 ಎಂಬ ಐಸಿಯಲ್ಲಿ ಎಂಟು ಚಾನೆಲ್ಲುಗಳೂ ಅವುಗಳ ರಕ್ಷಣೆಯ ಡಯೋಡುಗಳೂ ಒಳಗೇ ಇವೆ, ಆದರೆ ಅದರ ಕಾಮನ್ ಕಾಲನ್ನು ರಿಲೇಗಳ ಪಾಸಿಟಿವ್‌ಗೆ ಜೋಡಿಸಿದ್ದರೆ ಮಾತ್ರ ಆ ಡಯೋಡುಗಳು ಕೆಲಸ ಮಾಡುತ್ತವೆ.

ಅಂತರ್ಜಾಲದಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಎಂಟು ಚಾನೆಲ್ಲಿನ ಕಾರ್ಡುಗಳು ಕಲಿಕೆಗೆ, ಪ್ರಯೋಗಕ್ಕೆ ಚೆನ್ನಾಗಿವೆ. ಅವುಗಳಲ್ಲಿ ಬಹಳಷ್ಟು 5 ವೋಲ್ಟಿನ ಕಾಯಿಲ್ಲಿನವು, ರಿಲೇಯೊಂದಕ್ಕೆ ಸುಮಾರು 70 ಮಿಲಿಆಂಪಿಯರ್ ಬೇಡುತ್ತವೆ. 230 ವೋಲ್ಟಿನ ಟ್ರ್ಯಾಕಿಗೂ ಸಣ್ಣ ಸಂಕೇತದ ಟ್ರ್ಯಾಕಿಗೂ ನಡುವೆ ಇರಬೇಕಾದ ಅಂತರ ಕೆಲವದರಲ್ಲಿ ಕಾಣುವುದಿಲ್ಲ. ನೀರು ಹಾರುವ, ಶಾಂಪೂ ಆವಿ ಏಳುವ ಕೋಣೆಯಲ್ಲಿ ಇದನ್ನು ಖಾಯಂ ಬದಲಿಯಾಗಿ ನಾನು ಒಪ್ಪುವುದಿಲ್ಲ. ಸೋಮವಾರ ಬೆಳಿಗ್ಗೆಯವರೆಗೆ ಹೇಗೋ ಯಂತ್ರ ನಡೆಯಬೇಕು ಎನ್ನುವಾಗ, ಕಾಂಟ್ಯಾಕ್ಟರ್ ಕಾಯಿಲ್ಲುಗಳನ್ನಷ್ಟೇ ಅದಕ್ಕೆ ಜೋಡಿಸಿ ಬಳಸಬಹುದು.

ಸಾಕೆಟ್ಟಿನ ರಿಲೇ

ನನ್ನ ಒಲವು ಇದರ ಕಡೆಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. 35 ಮಿಲಿಮೀಟರಿನ ಡಿನ್ ರೈಲಿನ (ಪ್ಯಾನೆಲ್ಲಿನೊಳಗಿನ ಲೋಹದ ಪಟ್ಟಿ) ಮೇಲೆ ಸಾಕೆಟ್ಟುಗಳನ್ನು ಸಾಲಾಗಿ ಕೂರಿಸಿ, ಪ್ರತಿ ಸಾಕೆಟ್ಟಿಗೂ ಒಂದು ಬಿಡಿ ರಿಲೇ ಸಿಕ್ಕಿಸುವ ಪದ್ಧತಿ ಇದು. ಕಾರ್ಡಿನಲ್ಲಿ ಒಂದು ಚಾನೆಲ್ ಹೋದರೆ ಇಡೀ ಕಾರ್ಡನ್ನು ಬಿಚ್ಚಬೇಕು, ಇಪ್ಪತ್ತು ತಂತಿಗಳನ್ನು ಗುರುತು ಹಾಕಿ ತೆಗೆಯಬೇಕು, ಮತ್ತೆ ಸರಿಯಾಗಿ ಸಿಕ್ಕಿಸಬೇಕು. ಸಾಕೆಟ್ಟಿನಲ್ಲಿ ಕೆಟ್ಟ ರಿಲೇಯೊಂದನ್ನೇ ಎಳೆದು ಹೊಸದನ್ನು ಒತ್ತಿದರೆ ಎರಡು ನಿಮಿಷದ ಕೆಲಸ, ಸ್ಕ್ರೂಡ್ರೈವರ್ ಕೂಡ ಬೇಡ. ನುರಿತ ಎಲೆಕ್ಟ್ರಿಷಿಯನ್ ಬರಲು ಒಂದು ದಿನ ಹಿಡಿಯುವ ಊರುಗಳಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ.

ಇದರಲ್ಲಿಯೂ ಎರಡು ಬಗೆಗಳಿವೆ. 6.2 ಮಿಲಿಮೀಟರ್ ಅಗಲದ ತೆಳು ರಿಲೇಗಳು 6 ಆಂಪಿಯರ್ ದರ್ಜೆಯವು. ಕಾರ್ಡ್ ಇದ್ದ ಜಾಗದಲ್ಲಿಯೇ ಹದಿನಾರು ಹಿಡಿಯುತ್ತವೆ, ಕಾಂಟ್ಯಾಕ್ಟರ್ ಕಾಯಿಲ್ ಮತ್ತು ಸಣ್ಣ ವಾಲ್ವುಗಳಿಗೆ ಸರಿಯಾಗುತ್ತವೆ. ಪಾರದರ್ಶಕ ಮುಚ್ಚಳದ ದಪ್ಪ ರಿಲೇಗಳು ಹೆಚ್ಚು ಜಾಗ ಕೇಳಿದರೂ, ಒಳಗಿನ ಕಾಂಟ್ಯಾಕ್ಟ್ ಕಪ್ಪಾಗುತ್ತಿರುವುದು ಕಣ್ಣಿಗೇ ಕಾಣುತ್ತದೆ. ಕೈಯಿಂದ ಒತ್ತಿ ಪರೀಕ್ಷಿಸುವ ಗುಂಡಿಯೂ ಹಲವದರಲ್ಲಿ ಇರುತ್ತದೆ. ತೊಂದರೆಯ ಮೂಲ ಹುಡುಕುತ್ತಿರುವ ಪ್ಯಾನೆಲ್ಲಿಗೆ ಎರಡನೆಯದನ್ನೇ ನಾನು ಸೂಚಿಸುವುದು. ಜಾಗ ಸಾಲದಿದ್ದರೆ ಮೂಲ ಕಾರ್ಡನ್ನು ಹಾಗೆಯೇ ಉಳಿಸಿಕೊಂಡು, ತೊಂದರೆ ಕೊಡುವ ಎರಡು ಮೂರು ಚಾನೆಲ್ಲುಗಳ ಮುಂದೆ ಮಾತ್ರ ಸಾಕೆಟ್ ರಿಲೇಗಳನ್ನು ಸೇರಿಸಬಹುದು. ಆಗ ಕಾರ್ಡಿನ ಕಾಂಟ್ಯಾಕ್ಟ್ 24 ವೋಲ್ಟಿನ ಒಂದು ಸಣ್ಣ ಕಾಯಿಲ್ಲನ್ನು ಮಾತ್ರ ನಡೆಸುತ್ತದೆ, ಭಾರ ಹೊರುವುದು ಬದಲಾಯಿಸಲು ಸುಲಭವಾದ ರಿಲೇ.

ಸಾಕೆಟ್ ಹಾಕಿಸಿದ ಮಾತ್ರಕ್ಕೆ ಕಿಡಿ ನಿಲ್ಲುವುದಿಲ್ಲ. ಡಿಸಿ ವಾಲ್ವಿಗೆ 1ಎನ್4007 ಡಯೋಡನ್ನು ಕಾಯಿಲ್ಲಿಗೆ ಅಡ್ಡಲಾಗಿ, ಅದರ ಗೆರೆಯಿರುವ ತುದಿ ಪಾಸಿಟಿವ್ ಕಡೆ ಬರುವಂತೆ ಜೋಡಿಸಬೇಕು. ತಿರುಗಿ ಜೋಡಿಸಿದರೆ ನೇರ ಶಾರ್ಟ್ ಸರ್ಕ್ಯೂಟ್. ಎಸಿ ಕಾಯಿಲ್ಲಿಗೆ ಡಯೋಡ್ ಹಾಕುವಂತಿಲ್ಲ, ಅದಕ್ಕೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮತ್ತು ನೂರು ಓಮ್ ಆಸುಪಾಸಿನ ರೆಸಿಸ್ಟರ್ ಸೇರಿದ ಸ್ನಬ್ಬರ್, ಇಲ್ಲವೇ 300 ವೋಲ್ಟ್ ಎಸಿ ದರ್ಜೆಯ ವ್ಯಾರಿಸ್ಟರ್ (ಮಿತಿಮೀರಿದ ವೋಲ್ಟೇಜನ್ನು ಹೀರುವ ಭಾಗ) ಬೇಕು. ಕೆಪಾಸಿಟರ್ ಎಕ್ಸ್2 ದರ್ಜೆಯದೇ (ಮೇನ್ಸ್ ವೋಲ್ಟೇಜಿಗೆ ಅಡ್ಡಲಾಗಿ ಹಾಕಲೆಂದೇ ಮಾಡಿದ್ದು) ಆಗಿರಬೇಕು. ಇವೆಲ್ಲವನ್ನೂ ರಿಲೇಯ ಬಳಿ ಹಾಕದೆ ವಾಲ್ವಿನ ಅಥವಾ ಕಾಂಟ್ಯಾಕ್ಟರಿನ ಬಳಿಯೇ ಹಾಕುವುದು ಉತ್ತಮ. ರಿಲೇ ಕಾಂಟ್ಯಾಕ್ಟಿನ ಮೇಲೆ ಸ್ನಬ್ಬರ್ ಹಾಕಿದರೆ ಆಫ್ ಆದಾಗಲೂ ಅದರ ಮೂಲಕ ಸ್ವಲ್ಪ ಕರೆಂಟ್ ಸೋರಿ, ಸಣ್ಣ ವಾಲ್ವ್ ಗುಂಯ್‌ಗುಡುತ್ತಾ ಕೂರುವುದುಂಟು.

ಸಾಲಿಡ್ ಸ್ಟೇಟ್ ರಿಲೇ ಎಲ್ಲಿ, ಎಲ್ಲಿ ಬೇಡ

ಚಲಿಸುವ ಭಾಗವೇ ಇಲ್ಲ, ಆದ್ದರಿಂದ ಸವೆತವೂ ಇಲ್ಲ ಎಂಬ ಮಾತು ನಿಜ. ಸೆಕೆಂಡಿಗೊಮ್ಮೆ ಮಿಡಿಯುವ ಡೋಸಿಂಗ್ ವಾಲ್ವಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಡಿಸಿ ವಾಲ್ವಾದರೆ ಡಿಸಿ ಔಟ್‌ಪುಟ್ಟಿನ ಮಾದರಿ, ಎಸಿ ವಾಲ್ವಾದರೆ ಎಸಿ ಔಟ್‌ಪುಟ್ಟಿನ ಮಾದರಿ ಎಂಬುದನ್ನು ನೋಡಿ ಕೊಳ್ಳಬೇಕು. ಎಸಿ ಮಾದರಿಯನ್ನು ಡಿಸಿಗೆ ಹಾಕಿದರೆ ಒಮ್ಮೆ ಆನ್ ಆದದ್ದು ಆಫ್ ಆಗುವುದಿಲ್ಲ.

ಆದರೆ ಇಡೀ ಪ್ಯಾನೆಲ್ಲನ್ನು ಇದಕ್ಕೆ ಬದಲಾಯಿಸುವವರು ಮೂರು ವಿಷಯಗಳನ್ನು ತೂಗಬೇಕು. ಹರಿಯುವ ಪ್ರತಿ ಆಂಪಿಯರಿಗೂ ಎಸಿ ಮಾದರಿಗಳು ಒಂದು ವಾಟಿಗೂ ಹೆಚ್ಚು ಶಾಖ ಹೊರಸೂಸುತ್ತವೆ. ನೀರು ಹೋಗದಂತೆ ಮುಚ್ಚಿದ ಪ್ಯಾನೆಲ್ಲಿನಲ್ಲಿ ಆ ಶಾಖಕ್ಕೆ ಹೋಗಲು ದಾರಿ ಇರುವುದಿಲ್ಲ. ಆಫ್ ಇದ್ದಾಗಲೂ ಕೆಲವು ಮಿಲಿಆಂಪಿಯರ್ ಸೋರುವುದರಿಂದ ಇಂಡಿಕೇಟರ್ ದೀಪಗಳು ಮಿಣುಕುತ್ತವೆ, ಸಣ್ಣ ರಿಲೇಗಳು ಬಿಡದೆ ಹಿಡಿದುಕೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಇವು ಕೆಡುವಾಗ ಹೆಚ್ಚಾಗಿ ಮುಚ್ಚಿದ, ಅಂದರೆ ಆನ್ ಇರುವ, ಸ್ಥಿತಿಯಲ್ಲಿಯೇ ಕೆಡುತ್ತವೆ. ನೀರಿನ ವಾಲ್ವ್ ತೆರೆದೇ ಉಳಿದರೆ ಟ್ಯಾಂಕ್ ಖಾಲಿಯಾಗುತ್ತದೆ, ಅಷ್ಟೇ. ಬ್ರಷ್ ಗ್ಯಾಂಟ್ರಿಯ (ಕಾರಿನ ಮೇಲೆ ಹಿಂದೆ ಮುಂದೆ ಚಲಿಸುವ ಬ್ರಷ್ ಚೌಕಟ್ಟು) ಮೋಟಾರು ನಿಲ್ಲದಿದ್ದರೆ ಗ್ರಾಹಕರ ಕಾರಿನ ಬಾನೆಟ್ ಹೋಗುತ್ತದೆ, ಮನುಷ್ಯರಿಗೂ ಅಪಾಯ. ಮಾಮೂಲಿ ರಿಲೇಯ ಕಾಂಟ್ಯಾಕ್ಟೂ ಅಂಟಿಕೊಳ್ಳಬಹುದಾದ್ದರಿಂದ, ಯಾವ ಆಯ್ಕೆಯಾದರೂ ಎಮರ್ಜೆನ್ಸಿ ಸ್ಟಾಪ್ ಮತ್ತು ಕೊನೆಯ ಲಿಮಿಟ್ ಸ್ವಿಚ್ಚುಗಳು (ಚೌಕಟ್ಟು ತುದಿ ತಲುಪಿದಾಗ ನಿಲ್ಲಿಸುವವು) ರಿಲೇ ಕಾರ್ಡನ್ನಾಗಲಿ ಪ್ರೋಗ್ರಾಮನ್ನಾಗಲಿ ಅವಲಂಬಿಸದೆ, ಕಾಂಟ್ಯಾಕ್ಟರುಗಳ ವಿದ್ಯುತ್ತನ್ನೇ ತಂತಿಯ ಮೂಲಕ ನೇರವಾಗಿ ಕಡಿಯುವಂತಿರಬೇಕು. ಇದು ಚರ್ಚೆಗೆ ಬಿಟ್ಟ ವಿಷಯವಲ್ಲ.

ವೋಲ್ಟೇಜು ಬಿದ್ದಾಗ

ಕಾಂಟ್ಯಾಕ್ಟರುಗಳ ಕಾಯಿಲ್ ತನ್ನ ದರ್ಜೆಯ ಶೇಕಡಾ 85ರಿಂದ 110ರವರೆಗಿನ ವೋಲ್ಟೇಜಿನಲ್ಲಿ ಸರಿಯಾಗಿ ಹಿಡಿಯಬೇಕೆಂಬುದು ನಿಯಮ. 230 ವೋಲ್ಟಿನ ಕಾಯಿಲ್ಲಿಗೆ ಇದು ಸುಮಾರು 195ರಿಂದ 253 ವೋಲ್ಟ್. ಸುತ್ತಲಿನ ತೋಟಗಳ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ, ಲೈನಿನ ಕೊನೆಯಲ್ಲಿರುವ ಕೇಂದ್ರದಲ್ಲಿ ಇದಕ್ಕಿಂತ ಕೆಳಗಿಳಿದರೆ ಕಾಂಟ್ಯಾಕ್ಟರ್ ಪೂರ್ತಿ ಹಿಡಿಯದೆ ಬಡಿದುಕೊಳ್ಳುತ್ತದೆ. ಹಿಡಿಯದ ಎಸಿ ಕಾಯಿಲ್ ಆರಂಭದ ದೊಡ್ಡ ಕರೆಂಟನ್ನೇ ಎಳೆಯುತ್ತಾ ಬಿಸಿಯಾಗಿ ಸುಟ್ಟು ಶಾರ್ಟ್ ಆಗುತ್ತದೆ, ಹೋಗುವಾಗ ರಿಲೇಯನ್ನೂ ಜೊತೆಗೆ ಕರೆದೊಯ್ಯುತ್ತದೆ. ಇಂಥಲ್ಲಿ ಕಾರ್ಡ್ ಬದಲಾಯಿಸುವುದು ತಲೆನೋವಿಗೆ ಕಾಲಿಗೆ ಮುಲಾಮು ಹಚ್ಚಿದಂತೆ.

ಈ ತೊಂದರೆ ಇರುವ ಕಡೆ ನಾನು ಸೂಚಿಸುವುದು ಕಂಟ್ರೋಲ್ ಸರ್ಕ್ಯೂಟನ್ನು ಪೂರ್ತಿಯಾಗಿ 24 ವೋಲ್ಟ್ ಡಿಸಿಗೆ ತರುವುದನ್ನು. ಒಳ್ಳೆಯ ಎಸ್‌ಎಂಪಿಎಸ್‌ಗಳು 85ರಿಂದ 264 ವೋಲ್ಟಿನವರೆಗೆ ಏನೇ ಬಂದರೂ ಹೊರಗೆ 24 ವೋಲ್ಟನ್ನೇ ಕೊಡುತ್ತವೆ. ಕಾಂಟ್ಯಾಕ್ಟರುಗಳಿಗೆ 24 ವೋಲ್ಟ್ ಡಿಸಿ ಕಾಯಿಲ್ಲಿನ ಮಾದರಿಗಳು ಸಿಗುತ್ತವೆ, ವಾಲ್ವುಗಳಿಗೆ ಎಷ್ಟೋ ಸಲ ಕಾಯಿಲ್ ಮಾತ್ರ ಬದಲಾಯಿಸಿದರೆ ಸಾಕು. ಒದ್ದೆ ಜಾಗದಲ್ಲಿ ವಾಲ್ವಿನವರೆಗೆ 230 ವೋಲ್ಟ್ ಹೋಗುವುದು ತಪ್ಪುತ್ತದೆ ಎಂಬ ಲಾಭವನ್ನು ಬೇರೆಯಾಗಿ ಎಣಿಸಬೇಕು. ಮೊದಲ ಖರ್ಚು ಎಲ್ಲ ಆಯ್ಕೆಗಳಿಗಿಂತ ಹೆಚ್ಚು. ಕಾರ್ಡ್ ವರ್ಷಕ್ಕೊಮ್ಮೆ ಸುಡುವ ಕಡೆ ಅದು ದುಂದು, ತಿಂಗಳಿಗೊಮ್ಮೆ ಸುಡುವ ಕಡೆ ಉಳಿತಾಯ. ಒಂದು ಎಚ್ಚರಿಕೆ: ಮೋಟಾರು ಇನ್ನೂ ಆ ಕುಸಿದ ವೋಲ್ಟೇಜಿನಲ್ಲಿಯೇ ಓಡಬೇಕು. ಹಿಂದೆ ಬಡಿದುಕೊಂಡು ನಿಲ್ಲುತ್ತಿದ್ದ ಕಾಂಟ್ಯಾಕ್ಟರ್ ಈಗ ಗಟ್ಟಿಯಾಗಿ ಹಿಡಿಯುವುದರಿಂದ, ಮೋಟಾರಿಗೆ ಓವರ್‌ಲೋಡ್ ರಿಲೇ (ಹೆಚ್ಚು ಕರೆಂಟ್ ಎಳೆದಾಗ ಕಡಿಯುವ ಸಾಧನ) ಮತ್ತು ಕಡಿಮೆ ವೋಲ್ಟೇಜಿಗೆ ಟ್ರಿಪ್ ಆಗುವ ಫೇಸ್ ಮಾನಿಟರ್ ಇಲ್ಲದಿದ್ದರೆ ಸುಡುವ ಸರದಿ ಮೋಟಾರಿನದಾಗುತ್ತದೆ.

ನ್ಯೂಟ್ರಲ್ ಸಡಿಲವಾದರೆ ಸಿಂಗಲ್ ಫೇಸ್ ಸಾಧನಗಳಿಗೆ 230ಕ್ಕಿಂತ ಬಹಳ ಹೆಚ್ಚು, ಕೆಟ್ಟ ಸಂದರ್ಭದಲ್ಲಿ ಎರಡು ಫೇಸುಗಳ ನಡುವಿನ ವೋಲ್ಟೇಜಿನ ಹತ್ತಿರದವರೆಗೂ ಬರಬಹುದು. ಒಂದೇ ದಿನ ಎಸ್‌ಎಂಪಿಎಸ್, ಕಾರ್ಡ್, ಟ್ಯೂಬ್‌ಲೈಟ್ ಮೂರೂ ಹೋದವೆಂದರೆ ಹುಡುಕಬೇಕಾದದ್ದು ಇದನ್ನೇ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಅರ್ಥಿಂಗ್ ಅಳೆಸಿ, ಮೇನ್ ಪ್ಯಾನೆಲ್ಲಿನಲ್ಲಿ ಸರ್ಜ್ ರಕ್ಷಕ ಹಾಕಿಸುವುದು ಯಾವ ಕಾರ್ಡಿನ ಆಯ್ಕೆಗಿಂತಲೂ ಮೊದಲು ಆಗಬೇಕಾದ ಕೆಲಸ.

ಮಲೆನಾಡಿನ ತೇವ

ಜೂನಿನಿಂದ ಸೆಪ್ಟೆಂಬರಿನವರೆಗೆ ಮೂಡಿಗೆರೆ, ಸಕಲೇಶಪುರದ ಕಡೆ ಬಟ್ಟೆ ಒಣಗುವುದಿಲ್ಲ. ಪಂಪ್ ಕೋಣೆಯ ಪ್ಯಾನೆಲ್ ಒಣಗುತ್ತದೆಯೇ? ಹಗಲು ಯಂತ್ರ ಓಡುವಾಗ ಒಳಗೆ ಬೆಚ್ಚಗಿರುತ್ತದೆ, ರಾತ್ರಿ ಮೇನ್ ಆಫ್ ಮಾಡಿದ ಮೇಲೆ ತಣ್ಣಗಾಗಿ ಬೋರ್ಡಿನ ಮೇಲೆ ಹನಿ ಕಟ್ಟುತ್ತದೆ, ಬೆಳಿಗ್ಗೆ ಆ ಹನಿಯ ಮೇಲೆಯೇ 230 ವೋಲ್ಟ್ ಬರುತ್ತದೆ. ಕ್ಷಾರದ ಫೋಮಿನ ಆವಿಯೂ ಅದರಲ್ಲಿ ಕರಗಿರುವುದರಿಂದ ಟ್ರ್ಯಾಕುಗಳು ಹಸಿರಾಗಿ ತುಕ್ಕು ಹಿಡಿಯುತ್ತವೆ. ಕಾರ್ಡ್ ಪ್ರತಿ ವರ್ಷ ಮಳೆಗಾಲದಲ್ಲಿಯೇ, ಅದೂ ಬೆಳಗಿನ ಮೊದಲ ಕಾರಿಗೇ ಕೆಡುತ್ತಿದ್ದರೆ ಇದೇ ಕಾರಣವೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು.

ಇಲ್ಲಿ ಬಿಡಿ ರಿಲೇಗಳು ಕಾರ್ಡಿಗಿಂತ ಸ್ವಲ್ಪ ಮೇಲು, ಏಕೆಂದರೆ ತೆರೆದ ಟ್ರ್ಯಾಕುಗಳಿಲ್ಲ. ಕಾರ್ಡೇ ಇರಲಿ ಎನ್ನುವವರು ಅದಕ್ಕೆ ಅಕ್ರಿಲಿಕ್ ಲೇಪನ ಸ್ಪ್ರೇ ಮಾಡಿಸಬಹುದು, ಆದರೆ ಮೊದಲು ಚೆನ್ನಾಗಿ ತೊಳೆದು ಒಣಗಿಸಿ, ಕನೆಕ್ಟರುಗಳಿಗೆ ಟೇಪು ಅಂಟಿಸಿದ ಮೇಲೆ. ಕೊಳೆಯ ಮೇಲೆ ಲೇಪಿಸಿದರೆ ತೇವ ಒಳಗೇ ಬಂಧಿಯಾಗುತ್ತದೆ. ಪ್ಯಾನೆಲ್ಲಿಗೆ ರಾತ್ರಿಯೂ ಚಾಲೂ ಇರುವ ಸಣ್ಣ ಹೀಟರ್, ಕೆಳಗಿನಿಂದ ಮಾತ್ರ ಬರುವ ಕೇಬಲ್ ಗ್ಲ್ಯಾಂಡುಗಳು, ಖಾಲಿ ರಂಧ್ರಗಳಿಗೆ ಬಿರಡೆ, ಇವು ಅಗ್ಗದ ಕೆಲಸಗಳು. ಹೊರಗಿನ ಒದ್ದೆ ಗಾಳಿಯನ್ನು ಒಳಗೆ ಎಳೆಯುವ ಫ್ಯಾನ್ ಮಾತ್ರ ಬೇಡವೇ ಬೇಡ. ವಾಲ್ವುಗಳ ಮೇಲಿನ ಚೌಕಾಕಾರದ ಪ್ಲಗ್ಗಿನಲ್ಲಿ ರಬ್ಬರ್ ಗ್ಯಾಸ್ಕೆಟ್ ಇದೆಯೇ, ಅದರ ತಂತಿ ಮೇಲ್ಮುಖವಾಗಿ ಹೊರಟಿಲ್ಲವಷ್ಟೇ ಎಂಬುದನ್ನೂ ನೋಡಬೇಕು. ಆ ತಂತಿಯ ಮೇಲೆ ಇಳಿದ ನೀರು ಪ್ಲಗ್ಗಿನೊಳಗೆ ಸೇರಿ ಕಾಯಿಲ್ಲನ್ನು ಶಾರ್ಟ್ ಮಾಡುತ್ತದೆ, ಸುಟ್ಟದ್ದು ಕಾಣುವುದು ಹತ್ತು ಮೀಟರ್ ದೂರದ ಕಾರ್ಡಿನಲ್ಲಿ. ಪ್ರತಿ ಚಾನೆಲ್ಲಿಗೂ ಒಂದೊಂದು ಸಣ್ಣ ಗ್ಲಾಸ್ ಫ್ಯೂಸ್ ಇದ್ದರೆ ಈ ಒಂದು ಬಗೆಯ ಸಾವು ನಿಂತುಹೋಗುತ್ತದೆ.

ಯಾರಿಗೆ ಯಾವುದು

ಕಾರು ನಿಲ್ಲಿಸಿ ತೊಳೆಯುವ ಎರಡೇ ಜಾಗಗಳಿರುವ ಸಣ್ಣ ಕೇಂದ್ರ, ಕಾರ್ಡ್ ವರ್ಷಕ್ಕೊಮ್ಮೆ ಕೆಡುತ್ತದೆ, ಕೆಡುವುದು ಒಂದೇ ಚಾನೆಲ್ ಎಂದಾದರೆ ರಿಪೇರಿ ಮಾಡಿಸಿ, ಆ ಚಾನೆಲ್ಲಿಗೆ ಸಾಕೆಟ್ ರಿಲೇಯನ್ನೋ ಕಾಂಟ್ಯಾಕ್ಟರನ್ನೋ ಸೇರಿಸಿ, ಸ್ನಬ್ಬರ್ ಹಾಕಿಸಿದರೆ ಮುಗಿಯಿತು. ಕಡೂರು ರಸ್ತೆಯ ಕೇಂದ್ರದಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ: ಫೋಮ್ ಪಂಪಿಗೆ ಒಂದು ಕಾಂಟ್ಯಾಕ್ಟರ್ ಮತ್ತು ಓವರ್‌ಲೋಡ್, ಉಳಿದಂತೆ ನಾಲ್ಕನೆಯ ಕಾರ್ಡ್ ಮಾಮೂಲಿಯದೇ, ಅದು ಎರಡು ಮಳೆಗಾಲ ದಾಟಿದೆ. ಹಾಸನದ ಬಳಿ ರಾಷ್ಟ್ರೀಯ ಹೆದ್ದಾರಿ 75ರಂಥ ಜಾಗದಲ್ಲಿ ದಿನವಿಡೀ ಓಡುವ ಗ್ಯಾಂಟ್ರಿ ಯಂತ್ರಕ್ಕೆ ಎಲ್ಲ ಚಾನೆಲ್ಲುಗಳನ್ನೂ ಸಾಕೆಟ್ ರಿಲೇಗೆ ತಂದು, ಮಿಡಿಯುವ ಒಂದೆರಡು ವಾಲ್ವುಗಳಿಗೆ ಮಾತ್ರ ಸಾಲಿಡ್ ಸ್ಟೇಟ್ ಕೊಡುವುದು ಸರಿಯೆಂದು ನನ್ನ ಅಭಿಪ್ರಾಯ. ಎಸ್ಟೇಟಿನೊಳಗೆ ಜೀಪು, ಟ್ರ್ಯಾಕ್ಟರ್ ತೊಳೆಯಲು ಇಟ್ಟುಕೊಂಡ ಪಂಪಿಗೆ, ವೋಲ್ಟೇಜು ನಂಬುವಂತಿಲ್ಲವಾದರೆ, 24 ವೋಲ್ಟ್ ಡಿಸಿಯ ದಾರಿ.

ಯಂತ್ರ ಇನ್ನೂ ವಾರಂಟಿಯಲ್ಲಿದ್ದರೆ ಇವುಗಳಲ್ಲಿ ಯಾವುದನ್ನೂ ನೀವೇ ಮಾಡಬೇಡಿ. ಒಂದು ತಂತಿ ಜಾಗ ಬದಲಾದರೂ ಮುಂದಿನ ದೂರಿಗೆ ಅದೇ ಕಾರಣವಾಗಿ ಬರುತ್ತದೆ. ಬಾಗಿಲಿನ ಕಾಗದದಲ್ಲಿ ಬರೆದ ದಿನಾಂಕ, ಚಾನೆಲ್ ಸಂಖ್ಯೆ, ಯಂತ್ರ ಓಡುವಾಗ ಅಳೆದ 24 ವೋಲ್ಟ್ ಮತ್ತು 230 ವೋಲ್ಟಿನ ನಿಜವಾದ ಅಂಕಿಗಳು, ಸುಟ್ಟ ಭಾಗದ ಎರಡು ಫೋಟೊಗಳು, ಇಷ್ಟನ್ನು ಲಿಖಿತ ದೂರಿನ ಜೊತೆ ಕಳಿಸಿ, ಹೊಸ ಕಾರ್ಡನ್ನಲ್ಲದೆ ಆ ಚಾನೆಲ್ಲಿನ ಲೋಡ್ ರಿಲೇಯ ದರ್ಜೆಗೆ ಹೊಂದುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವನ್ನೂ ಕೇಳಿ.